ಬೆಟ್ಟದ ಲೆಕ್ಕವೂ ನಮ್ಮದೇ



ಡಬ್ಬಿಯಲ್ಲಿ ಅಕ್ಕಿ ಎಷ್ಟಿದೆ, ಉಪ್ಪಿನಕಾಯಿ ಭರಣಿ ಎಷ್ಟು ಇಳಿದಿದೆ ಎಂದು ಕೇಳಿದರೆ ಮುಚ್ಚಳ ತೆಗೆಯದೆಯೇ ಹೇಳುತ್ತೇವೆ, ಅಲ್ಲವೇ? ಸೊಪ್ಪಿನ ಬೆಟ್ಟದಲ್ಲಿ ಮರ ಎಷ್ಟಿವೆ ಎಂದರೆ? ನನಗಂತೂ ಬಾಯಿ ಕಟ್ಟಿತು!

ಕಳೆದ ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಆರಿಸಲು ಹೋದಾಗ ನಮ್ಮತ್ತೆ, "ಇಲ್ಲಿ ಹನ್ನೆರಡು ಮರ ಇತ್ತಲ್ಲೇ" ಎಂದರು. ಎಣಿಸಿದೆ, ಐದೇ! ಉಳಿದವು ಯಾವಾಗ ಹೋದವು? ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬರೆದಿಟ್ಟಿದ್ದರೆ ತಾನೇ ಕೇಳುವುದಕ್ಕೆ!

ಶಿರಸಿ ಸೀಮೆಯವರಿಗೆ ಕಾಡು ಕಾಯುವುದು ಹೊಸತಲ್ಲ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಹೆಂಗಸರು, ಗಂಡಸರು ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಹಾಗೆ. ಆಗ ಕೊಡಲಿ ಕಣ್ಣೆದುರಿಗೇ ಇತ್ತು. ಒಂದೊಂದೇ ಮರ ಕಡಿಮೆಯಾದರೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಲೆಕ್ಕವೇ ಬೇಕು.

ಉತ್ತರಾಖಂಡದಲ್ಲಿ ಹಳ್ಳಿಯವರೇ ಕಾಡು ನೋಡಿಕೊಳ್ಳುವ ವನ ಪಂಚಾಯ್ತಿಗಳಿವೆ. 2003ರ ನಂತರ ಅಲ್ಲಿನ ಕೆಲವು ಹಳ್ಳಿಯವರು ಮರ ಅಳೆದು, ಕಾಡಿನಲ್ಲಿ ಇಂಗಾಲ ಎಷ್ಟಿದೆ ಎಂದು ಲೆಕ್ಕ ಹಾಕಲು ಕಲಿತರು. ಇಂಗಾಲವೆಂದರೆ ಗಾಬರಿ ಬೇಡ. ಒಲೆಯ ಇದ್ದಿಲು ಹೆಚ್ಚುಕಡಿಮೆ ಅದೇ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲವೇ. ಮರ ಅದನ್ನು ಗಾಳಿಯಿಂದ ಹೀರಿ ಕೂಡಿಡುತ್ತೆ. ಮರ ಸುಟ್ಟರೆ, ಕೊಳೆತರೆ ಬಹುಪಾಲು ಮತ್ತೆ ಗಾಳಿಗೇ ಸೇರಿ ಭೂಮಿಯ ಕಾವು ಏರಿಸುತ್ತೆ.

ಅಳೆಯುವುದು ಹೇಗೆ? ಹೊಲಿಗೆಯ ಟೇಪು, ಹಗ್ಗ, ಒಂದು ನೋಟುಪುಸ್ತಕ ಸಾಕು. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ತೆಗೆಯಿರಿ. ಇಳಿಜಾರಾದರೆ ಮೇಲ್ಬದಿಯಿಂದ ಎತ್ತರ ಹಿಡಿಯಿರಿ. 60 ಇಂಚಿನ ಟೇಪು ಸಾಲದಿದ್ದರೆ ಹಗ್ಗ ಸುತ್ತಿ, ಆಮೇಲೆ ಹಗ್ಗವನ್ನು ಅಳೆಯಿರಿ. ಅಳೆದ ಜಾಗಕ್ಕೆ ಬಣ್ಣದ ಗೆರೆ ಎಳೆದು ನಂಬರು ಹಾಕಿ, ಮೊಳೆ ಹೊಡೆಯಬೇಡಿ. ಮರದ ಹೆಸರು, ಅಳತೆ, ಹೊಸ ಸಸಿ, ಕಡಿದ ಬುಡ ಎಲ್ಲವನ್ನೂ ತಾರೀಖಿನ ಸಮೇತ ಬರೆಯಿರಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಗೆರೆಯಲ್ಲಿ ಮತ್ತೆ ಅಳೆಯಿರಿ.

ಅಳತೆಯಿಂದ ಇಂಗಾಲ ತಿಳಿಯಲು ಸೂತ್ರಗಳಿವೆ. ಬಲ್ಲವರಿಂದ ಹಾಕಿಸಿಕೊಳ್ಳೋಣ. ಅಳತೆ ಮಾತ್ರ ನಮ್ಮ ಕೈಯದೇ ಇರಲಿ. ಒಂದು ಪ್ರತಿಯನ್ನು ಪಂಚಾಯ್ತಿಯ ಜೀವವೈವಿಧ್ಯ ಸಮಿತಿಗೆ ಕೊಡಿ. ಮರ ಹೋದರೆ ಬರಿಗೈಯಲ್ಲಿ ನಿಂತು ಕೇಳಬೇಕಾಗಿಲ್ಲ.

ನೆರೆಮನೆಯ ಅಕ್ಕನೂ ನಾನೂ ಮೊದಲ ದಿನ 31 ಮರ ಅಳೆದೆವು. ಮೊದಲ ಐದು ನಂಬರು ಆ ಉಪ್ಪಾಗೆ ಮರಗಳಿಗೇ. ನಿಮ್ಮೂರಿನ ಲೆಕ್ಕ ಬರೆದು ಕಳಿಸುತ್ತೀರಲ್ಲ?