ಬಾಗಿಲು ಮುಚ್ಚಿದವರೇ, ಲೆಕ್ಕ ಕೊಡಿ

ಗ್ಲಾಸ್ಗೋ ನಗರದ ನಟ್ಟನಡುವೆ ಜನ ಸಾಯುತ್ತಿದ್ದುದು ತಮಗೆ ಗೊತ್ತಿರಲಿಲ್ಲ ಎಂದು ಅಲ್ಲಿನ ಯಾವ ಅಧಿಕಾರಿಯೂ ಹೇಳುವಂತಿಲ್ಲ. ಎಲ್ಲವೂ ಗೊತ್ತಿತ್ತು. ಎಣಿಸಿ, ಅಳೆದು, ವರದಿ ಬರೆದು ಕೈಗೆ ಕೊಡಲಾಗಿತ್ತು.

2015ರಲ್ಲಿ ಆ ಊರಿನಲ್ಲಿ ಸೂಜಿಯಿಂದ ಮಾದಕ ವಸ್ತು ಚುಚ್ಚಿಕೊಳ್ಳುವವರ ಪೈಕಿ 47 ಮಂದಿಗೆ ಹೊಸದಾಗಿ ಎಚ್‌ಐವಿ ತಗುಲಿತು. ಹಿಂದೆಲ್ಲ ಅದು ವರ್ಷಕ್ಕೆ ಹತ್ತರ ಆಸುಪಾಸಿನಲ್ಲಿತ್ತು. ಆರೋಗ್ಯ ಮಂಡಳಿಯವರು ಅಧ್ಯಯನ ಮಾಡಿ 2016ರಲ್ಲಿ ವರದಿ ಕೊಟ್ಟರು: ನಗರ ಕೇಂದ್ರದ ಸಾರ್ವಜನಿಕ ಜಾಗಗಳಲ್ಲಿ ಸುಮಾರು 400ರಿಂದ 500 ಮಂದಿ ಚುಚ್ಚಿಕೊಳ್ಳುತ್ತಿದ್ದಾರೆ, ಅವರಿಗೆ ದಾದಿಯರ ಕಣ್ಣಳತೆಯಲ್ಲಿ ಒಂದು ಸುರಕ್ಷಿತ ಕೋಣೆ ಬೇಕು.

ಆ ವರ್ಷವೇ ಸೆಂಟ್ರಲ್ ರೈಲು ನಿಲ್ದಾಣದ ಔಷಧಿ ಅಂಗಡಿಯಲ್ಲಿ ಶುದ್ಧ ಸೂಜಿ ಕೊಡುವ ಕೇಂದ್ರ ಶುರುವಾಯಿತು. ನೋಡನೋಡುತ್ತಲೇ ಅದು ಇಡೀ ಸ್ಕಾಟ್ಲೆಂಡಿನಲ್ಲೇ ಅತಿ ಹೆಚ್ಚು ಜನ ಬರುವ ಸೂಜಿ ಕೇಂದ್ರವಾಯಿತು. ನಿಲ್ದಾಣದ ಒಡೆತನವಿದ್ದ ನೆಟ್‌ವರ್ಕ್ ರೈಲ್ 2017ರಲ್ಲಿ ಅದನ್ನು ನಿಲ್ಲಿಸಿತು. ಕಾರಣ? ನಿಲ್ದಾಣದಲ್ಲಿ ಬಳಸಿದ ಸೂಜಿಗಳು ಬಿದ್ದಿದ್ದವು!

ಬಿದ್ದ ಸೂಜಿ ಪ್ರಯಾಣಿಕರಿಗೆ ಅಪಾಯ, ಒಪ್ಪೋಣ. ಹಾಗಿದ್ದರೆ ಬಿಸಾಡಲು ಡಬ್ಬಿ ಇಡಿ, ಗುಡಿಸುವವರನ್ನು ಹೆಚ್ಚಿಸಿ, ಆ ಕೋಣೆ ಕಟ್ಟಿ. ರೋಗ ಹಬ್ಬುತ್ತಿರುವ ಊರಿನಲ್ಲಿ ಶುದ್ಧ ಸೂಜಿಯನ್ನೇ ಕಿತ್ತುಕೊಳ್ಳುವುದು ಯಾವ ನೈರ್ಮಲ್ಯ? ಅವರಿಗೆ ಕಸವಾಗಿ ಕಂಡದ್ದು ಸೂಜಿಯಲ್ಲ, ಮನುಷ್ಯರು.

ಕೋಣೆಯ ಗತಿಯೂ ಅಷ್ಟೇ ಆಯಿತು. 1971ರ ಮಾದಕ ವಸ್ತು ಕಾಯ್ದೆ ಅಡ್ಡ ಬರುತ್ತದೆ ಎಂದರು ಕಾನೂನು ಬಲ್ಲವರು. ಸಿಡ್ನಿಯಲ್ಲಿ 2001ರಿಂದ, ವ್ಯಾಂಕೂವರಿನಲ್ಲಿ 2003ರಿಂದ ಇಂಥ ಕೋಣೆಗಳಿವೆ. ಮಿತಿಮೀರಿ ಚುಚ್ಚಿಕೊಂಡವರನ್ನು ಅಲ್ಲಿನ ದಾದಿಯರು ಬದುಕಿಸುತ್ತಲೇ ಬಂದಿದ್ದಾರೆ. ಅದು ಯಾರ ಕಿವಿಗೂ ಬೀಳಲಿಲ್ಲ.

ಅತ್ತ ನಗರ ಕೇಂದ್ರದಲ್ಲಿ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಇದ್ದವರ ಪ್ರಮಾಣ 2011ರಲ್ಲಿ ಶೇ 1.1 ಇದ್ದದ್ದು 2018ರ ಹೊತ್ತಿಗೆ ಶೇ 10.8ಕ್ಕೆ ಏರಿತು. ಕೊಕೇನ್ ಚುಚ್ಚಿಕೊಳ್ಳುವವರು ಹೆಚ್ಚಿದ್ದು, ತಲೆಯ ಮೇಲೆ ಸೂರಿಲ್ಲದ ಬದುಕು, ಎರಡೂ ಇದಕ್ಕೆ ಕಾರಣ ಎಂದು ಸಂಶೋಧಕರು ತೋರಿಸಿದರು. ಮಾದಕ ವಸ್ತುವಿನಿಂದ ಸ್ಕಾಟ್ಲೆಂಡಿನಲ್ಲಿ 2017ರಲ್ಲಿ 934 ಮಂದಿ ಸತ್ತಿದ್ದರು. 2020ರಲ್ಲಿ ಸತ್ತವರು 1,339. ಈ ಸಾವುಗಳೆಲ್ಲ ಒಂದು ಕೇಂದ್ರ ಮುಚ್ಚಿದ್ದರಿಂದಲೇ ಆದವು ಎಂದು ನಾನು ಹೇಳುತ್ತಿಲ್ಲ. ಬೆಂಕಿ ಹತ್ತಿದ ಮನೆಯೆದುರು ನೀರಿನ ಕೊಡ ಒದ್ದವರು ಯಾರೆಂದು ಕೇಳುತ್ತಿದ್ದೇನೆ.

ಕೊನೆಗೆ 2025ರ ಜನವರಿಯಲ್ಲಿ ‘ಥಿಸಲ್’ ಹೆಸರಿನಲ್ಲಿ ಆ ಕೋಣೆ ತೆರೆಯಿತು. 1971ರ ಕಾಯ್ದೆ ಹಾಗೆಯೇ ಇತ್ತು. ಅಲ್ಲಿ ಚುಚ್ಚಿಕೊಂಡವರ ಮೇಲೆ ಮೊಕದ್ದಮೆ ಹೂಡುವುದರಿಂದ ಸಮಾಜಕ್ಕೆ ಹಿತವಿಲ್ಲವೆಂದು ಸ್ಕಾಟ್ಲೆಂಡಿನ ಪ್ರಧಾನ ಕಾನೂನು ಅಧಿಕಾರಿ 2023ರಲ್ಲಿ ಹೇಳಿದರು, ಅಷ್ಟೇ. ಅಷ್ಟು ಮಾತಿಗೆ ಇಷ್ಟು ವರ್ಷ ಬೇಕಾಯಿತೆ?

ಓದುಗರೇ, ನಿಮ್ಮ ಊರಿನಲ್ಲೂ ಸ್ವಚ್ಛತೆಯ ಹೆಸರಿನಲ್ಲಿ ಯಾರಾದರೂ ಇಂಥ ಬಾಗಿಲು ಮುಚ್ಚಲು ಬಂದರೆ ಅಡ್ಡ ನಿಲ್ಲಿ. ಸಾಕ್ಷ್ಯ ಕೈಯಲ್ಲಿದ್ದೂ ಜನರನ್ನು ಸಾಯಲು ಬಿಡುವುದು ಅಜಾಗರೂಕತೆಯಲ್ಲ, ಅಪರಾಧ.