ಕರಗಕ್ಕೆ ದಾರಿ ಹೇಳೋಕೆ ನೀವ್ಯಾರು?

ಚೈತ್ರ ಹುಣ್ಣಿಮೆ ರಾತ್ರಿ ತರಗುಪೇಟೆ ಮಲಗುವುದಿಲ್ಲ. ಬಾಗಿಲು ಹಾಕಿದ ಅಕ್ಕಿ, ಬೇಳೆ ಮಂಡಿಗಳ ಕಟ್ಟೆ ಮೇಲೆ ಮಕ್ಕಳು ಮರಿಗಳೆಲ್ಲ ಮಲ್ಲಿಗೆ ಹಿಡಿದು ಕೂತಿರುತ್ತಾರೆ. ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಪೇಟೆಯೆಲ್ಲ ಸುತ್ತುತ್ತದೆ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. 2022ರಲ್ಲಿ ಕೆಲವರಿಗೆ ಇದು ಚುಚ್ಚಿತು. ದರ್ಗಾಕ್ಕೆ ಹೋಗಕೂಡದು ಅಂದರು.

ಅಲ್ಲ ಸ್ವಾಮಿ, ವ್ರತ ಹಿಡಿಯುವವರು ತಿಗಳರು. ಕತ್ತಿ ಹಿಡಿದು ರಾತ್ರಿಯಿಡೀ ಜೊತೆಗೆ ಓಡುವವರು ಅವರದೇ ವೀರಕುಮಾರರು. ದ್ರೌಪದಮ್ಮನನ್ನು ತಲೆ ಮೇಲೆ ಹೊತ್ತವರಿಗೆ ಗೊತ್ತಿಲ್ಲದ ಧರ್ಮ ನಿಮಗೆ ಗೊತ್ತೇ? ಗುಡಿಯವರು ಜಗ್ಗಲಿಲ್ಲ. ಕೊರೊನಾದಿಂದ ಎರಡು ವರ್ಷ ಕಳೆಗುಂದಿದ್ದ ಕರಗ ಆ ವರ್ಷ ದರ್ಗಾಕ್ಕೂ ಹೋಗಿಬಂತು. ಮತ್ತೆ ತಕರಾರು ತೆಗೆಯುವ ಮೊದಲು ಒಂದು ರಾತ್ರಿ ನಮ್ಮ ಪೇಟೆಯಲ್ಲಿ ನಿದ್ದೆಗೆಟ್ಟು ನಿಲ್ಲಿ. ಮಲ್ಲಿಗೆ ನಾವೇ ಕೊಡುತ್ತೇವೆ.