'ಅದೊಂದು ಹಾಕಬೇಡ್ರಿ'

ನಿಧನ ವಾರ್ತೆ ಬರೆಸುವವರನ್ನು ಏನು ಕಾಯಿಲೆ ಇತ್ತು ಎಂದು ಕೇಳಿದರೆ, "ಅದೊಂದು ಹಾಕಬೇಡ್ರಿ, ದೀರ್ಘಕಾಲದ ಅನಾರೋಗ್ಯ ಅಂತ ಬರ್ಕೊಳ್ರಿ" ಅಂತಾರೆ. ಬಳ್ಳಾರಿಯ ಪಾರ್ವತಿನಗರದಲ್ಲೂ ಅಷ್ಟೇ, ಸಿರುಗುಪ್ಪದ ಹಳ್ಳಿಯಲ್ಲೂ ಅಷ್ಟೇ. ಕ್ಯಾನ್ಸರ್ ಎಂದರೆ ಇನ್ನೂ ಪಿಸುಮಾತು.

ನಿರೂಪಕಿ ಅಪರ್ಣಾ (ಬೆಂಗಳೂರು ಮೆಟ್ರೋದಲ್ಲಿ ಕೇಳುವ ದನಿ ಅವರದೇ) 2024ರ ಜುಲೈ 11ರಂದು ತೀರಿಕೊಂಡಾಗ, ಪತಿ ನಾಗರಾಜ ವಸ್ತಾರೆ ಶ್ವಾಸಕೋಶದ ಕ್ಯಾನ್ಸರ್ ಎಂದು ಎಲ್ಲರೆದುರು ಹೇಳಿದರು. ಎರಡು ವರ್ಷ ಆಕೆ ಹೋರಾಡಿದ್ದನ್ನೂ ಹೇಳಿದರು. ಬದುಕಿದ್ದಾಗ ಗುಟ್ಟಾಗಿಡುವುದು ರೋಗಿಯ ಹಕ್ಕು. ಸತ್ತ ಮೇಲೂ ಮುಚ್ಚಿಟ್ಟರೆ ಅವರು ಪಟ್ಟ ಪಾಡೂ ಮುಚ್ಚಿಹೋಗುತ್ತದೆ. ವಿಮ್ಸ್‌ಗೂ ಬೆಂಗಳೂರಿನ ಕಿದ್ವಾಯಿಗೂ ಜೊತೆಯಲ್ಲಿ ಅಲೆದವರು, ಆಸ್ಪತ್ರೆ ವರಾಂಡದಲ್ಲಿ ಚಾಪೆ ಹಾಸಿ ಕಾದವರು ಶ್ರದ್ಧಾಂಜಲಿ ಬ್ಯಾನರಿನಲ್ಲಿ ಬರೀ 'ದುಃಖತಪ್ತರು'. ನಾಳೆ ಪಕ್ಕದ ಮನೆಯ ಅಕ್ಕನಿಗೆ ಎದೆಯಲ್ಲಿ ಗಂಟು ಕಂಡರೆ, ಯಾರನ್ನು ಕೇಳಬೇಕು ಅಂತಲೂ ಆಕೆಗೆ ಗೊತ್ತಾಗಲ್ಲ.